ಆರ್‌ಸಿಯಲ್ಲಿ 28 ಟನ್ ಇದ್ದರೆ 28 ಟನ್ ಮಾಲು ಹೇರಬಹುದಾ?

ಪ್ರಶ್ನೆ: ನಾನು ಸವಣೂರಿನವನು. ಈಚೆಗೆ ಹೆವಿ ಲೈಸೆನ್ಸ್ ಸಿಕ್ಕಿದೆ. ಹಾವೇರಿಯ ಸಾವಕಾರರೊಬ್ಬರ ಹತ್ತು ಗಾಲಿ ಲಾರಿಗೆ ಡ್ರೈವರ್ ಆಗಿ ಸೇರಬೇಕು ಅಂತಿದ್ದೇನೆ. ರಾಣೆಬೆನ್ನೂರು ಕಡೆಯಿಂದ ಗೋವಿನಜೋಳ, ಬ್ಯಾಡಗಿಯಿಂದ ಮೆಣಸಿನಕಾಯಿ ಲೋಡು. ಗಾಡಿಯ ಆರ್‌ಸಿಯಲ್ಲಿ (ನೋಂದಣಿ ಪತ್ರದಲ್ಲಿ) 28,000 ಕೆಜಿ ಅಂತ ಬರೆದಿದೆ. ‘28 ಟನ್ ಪಾಸಿಂಗ್ ಇದೆ, ಅಷ್ಟೂ ಹೇರಬಹುದು’ ಅಂತ ಕೆಲವರು ಹೇಳುತ್ತಾರೆ. ನಮ್ಮೂರಿನ ಹಳೇ ಡ್ರೈವರ್ ಒಬ್ಬರು ‘ಹತ್ತು ಗಾಲಿಗೆ 25ಕ್ಕಿಂತ ಜಾಸ್ತಿ ಇಲ್ಲ’ ಅಂತಾರೆ. ಯಾವುದು ಸರಿ? ಓವರ್‌ಲೋಡ್ ಅಂತ ಹಿಡಿದರೆ ದಂಡ ನನ್ನ ಮೇಲೆ ಬರುತ್ತಾ, ಸಾವಕಾರರ ಮೇಲೆ ಬರುತ್ತಾ? ಸೇತುವೆ ಹತ್ತಿರ ಇರುವ ಟನ್ ಬೋರ್ಡ್ ನೋಡಿ ಏನು ತಿಳಿಯಬೇಕು?

ಉತ್ತರ: ಸ್ಟೇರಿಂಗ್ ಹಿಡಿಯುವ ಮೊದಲೇ ಕೇಳಿದ್ದೀರಿ, ಖುಷಿಯಾಯಿತು. ಹೆಚ್ಚಿನವರು ಮೊದಲನೇ ದಂಡದ ಚೀಟಿ ಕೈಗೆ ಬಂದ ಮೇಲೆ ಕೇಳುತ್ತಾರೆ.

ಮೊದಲ ಪ್ರಶ್ನೆಗೆ ನೇರ ಉತ್ತರ: ಇಲ್ಲ, 28 ಟನ್ ಮಾಲು ಹೇರುವ ಹಾಗಿಲ್ಲ. ಆರ್‌ಸಿಯಲ್ಲಿರುವ 28,000 ಕೆಜಿ ಅಂದರೆ ಗಾಡಿ, ಮಾಲು, ಡೀಸೆಲ್, ನೀವು, ಕ್ಲೀನರ್, ಹಗ್ಗ, ತಾಡಪತ್ರಿ, ಸ್ಟೆಪ್ನಿ ಎಲ್ಲ ಸೇರಿ ಆಗುವ ತೂಕ. ಅದೇ ಆರ್‌ಸಿಯಲ್ಲಿ ಖಾಲಿ ಗಾಡಿಯ ತೂಕವೂ ಇರುತ್ತದೆ, ಹುಡುಕಿ ನೋಡಿ. ನಿಮ್ಮ ಗಾಡಿಯದು 9,200 ಕೆಜಿ ಅಂತಿಟ್ಟುಕೊಳ್ಳೋಣ. 28,000ದಲ್ಲಿ 9,200 ಕಳೆದರೆ ಉಳಿಯುವುದು 18,800. ಕಾಗದದ ಲೆಕ್ಕದಲ್ಲಿ ನಿಮಗೆ ಸಿಕ್ಕುವ ಜಾಗ ಇಷ್ಟೇ. 50 ಕೆಜಿ ಚೀಲ ಆದರೆ 376 ಚೀಲ.

ಆದರೆ ಕಾಗದದ ಲೆಕ್ಕವನ್ನೂ ಪೂರ್ತಿ ನಂಬಬೇಡಿ. ಆರ್‌ಟಿಓದಲ್ಲಿ ಪಾಸಿಂಗ್ ಆದ ಮೇಲೆ ಗಾಡಿಗೆ ಏನೇನೋ ಸೇರಿರುತ್ತದೆ. ಲಾರಿ ಬಾಡಿಯಲ್ಲಿ ಹೆಚ್ಚುವರಿ ಆಂಗಲ್, ಮುಂದೆ ದಪ್ಪ ಬಂಪರ್, ಕೆಳಗೆ ಟೂಲ್ ಬಾಕ್ಸ್, ಇನ್ನೊಂದು ಸ್ಟೆಪ್ನಿ. 300 ಲೀಟರ್ ಡೀಸೆಲ್ ಅಂದರೇನೇ ಸುಮಾರು 250 ಕೆಜಿ. ಆರ್‌ಸಿಯ ಖಾಲಿ ತೂಕದಲ್ಲಿ ಡ್ರೈವರ್, ಕ್ಲೀನರ್ ಲೆಕ್ಕ ಬರುವುದಿಲ್ಲ. ಅದಕ್ಕೆ ಹೊಸ ಗಾಡಿಗೆ ಸೇರಿದಾಗ ನೀವು ಮಾಡಬೇಕಾದ ಮೊದಲ ಕೆಲಸ, ಟ್ಯಾಂಕ್ ಫುಲ್ ಮಾಡಿ, ಎಲ್ಲ ಸಾಮಾನು ಇಟ್ಟುಕೊಂಡು ಖಾಲಿ ಗಾಡಿಯನ್ನು ಒಂದು ಸಲ ವೇಬ್ರಿಜ್ (ಲಾರಿ ತೂಗುವ ಕಾಟಾ) ಮೇಲೆ ನಿಲ್ಲಿಸಿ ತೂಗಿಸುವುದು. 9,600 ಬಂತು ಅನ್ನಿ. ಆಗ ನಿಮ್ಮ ನಿಜವಾದ ಲೋಡು 18,400 ಕೆಜಿ, ಅಂದರೆ 368 ಚೀಲ. ಆ ಸಂಖ್ಯೆಯನ್ನು ಕ್ಯಾಬಿನ್ನಿನಲ್ಲಿ ಕಣ್ಣಿಗೆ ಬೀಳುವ ಕಡೆ ಬರೆದಿಡಿ. ಹಮಾಲರು ಚೀಲ ಎತ್ತುವ ಮೊದಲೇ ಹೇಳಬೇಕಾದ ಸಂಖ್ಯೆ ಅದು. ಚೀಲ ಗಾಡಿ ಏರಿದ ಮೇಲೆ ಇಳಿಸಿ ಅಂದರೆ ಯಾರೂ ಕೇಳುವುದಿಲ್ಲ. ಹಮಾಲರೂ ಬೇಜಾರಾಗುತ್ತಾರೆ, ಅಂಗಡಿಯವರೂ ಬೈಯುತ್ತಾರೆ.

ಇನ್ನು 25 ಅಂದ ಹಳೇ ಡ್ರೈವರ್ ಮಾತು. ಅವರು ಸುಳ್ಳು ಹೇಳುತ್ತಿಲ್ಲ. ಅವರು ಗಾಡಿ ಓಡಿಸಿದ ಕಾಲದಲ್ಲಿ ಹತ್ತು ಗಾಲಿ ಲಾರಿಯ ಒಟ್ಟು ತೂಕ 25 ಟನ್ನೇ ಇತ್ತು. 2018ರ ಜುಲೈನಲ್ಲಿ ಕೇಂದ್ರ ಸಾರಿಗೆ ಸಚಿವಾಲಯ ಆಕ್ಸಲ್ (ಎರಡು ಕಡೆಯ ಗಾಲಿ ಕೂಡಿಸುವ ಅಚ್ಚು) ತೂಕದ ಮಿತಿಯನ್ನು ಏರಿಸಿತು. ಹಿಂದೆ ನಾಲ್ಕು ಟೈರಿನ ಒಂಟಿ ಆಕ್ಸಲ್‌ಗೆ 10.2 ಟನ್ ಇದ್ದದ್ದು 11.5 ಆಯಿತು. ಜೋಡಿ ಆಕ್ಸಲ್‌ಗೆ, ಅಂದರೆ ನಿಮ್ಮ ಲಾರಿಯ ಹಿಂದಿನ ಎಂಟು ಟೈರಿಗೆ, 19 ಇದ್ದದ್ದು 21 ಆಯಿತು. ಆರು ಗಾಲಿ ಲಾರಿ 16.2 ಟನ್‌ನಿಂದ 18.5ಕ್ಕೆ ಏರಿತು. ಉದ್ದನೆಯ ಟ್ರೇಲರ್‌ಗಳ ಗರಿಷ್ಠ ಮಿತಿ 49 ಇದ್ದದ್ದು 55 ಟನ್ ಆಯಿತು. ಹಾಗಂತ ಹಳೇ ಗಾಡಿಗಳ ಆರ್‌ಸಿ ತಾನಾಗಿಯೇ ಬದಲಾಗಲಿಲ್ಲ. ಇವತ್ತೂ ರಸ್ತೆ ಮೇಲೆ 25 ಟನ್ ಆರ್‌ಸಿ ಇರುವ ಹತ್ತು ಗಾಲಿಯೂ ಇದೆ, 28 ಟನ್‌ದೂ ಇದೆ. ಎರಡೂ ಅಕ್ಕಪಕ್ಕ ನಿಂತರೆ ನೋಡೋದಕ್ಕೆ ಒಂದೇ ಥರ. ಗಾಲಿ ಎಣಿಸಿ ತೂಕ ಹೇಳುವ ಅಭ್ಯಾಸ ಬಿಡಿ. ನಿಮಗೆ ಅನ್ವಯಿಸುವುದು ನಿಮ್ಮ ಗಾಡಿಯ ಆರ್‌ಸಿಯಲ್ಲಿ ಇರುವ ಸಂಖ್ಯೆ ಮಾತ್ರ. ನಾಳೆ ಸಾವಕಾರರು ಬೇರೆ ಗಾಡಿ ಕೊಟ್ಟರೆ ಲೆಕ್ಕ ಮತ್ತೆ ಮೊದಲಿನಿಂದ ಮಾಡಬೇಕು.

ಒಟ್ಟು ತೂಕ ಸರಿ ಇದ್ದರೆ ಮುಗಿಯಿತು ಅಂದುಕೊಳ್ಳಬೇಡಿ. ಹೊಸಬರು ಎಡವುವುದು ಇಲ್ಲೇ. ಆಕ್ಸಲ್ ತೂಕ ಬೇರೆಯೇ ಮಿತಿ. ನಿಮ್ಮ ಲಾರಿಯಲ್ಲಿ ಮುಂದಿನ ಆಕ್ಸಲ್‌ಗೆ 7, ಹಿಂದಿನ ಜೋಡಿಗೆ 21, ಎರಡೂ ಸೇರಿ 28. ಮಾಲು 18,400 ಕೆಜಿಯೇ ಇರಲಿ, ಅದನ್ನು ಪೂರ್ತಿ ಹಿಂದಕ್ಕೆ ತಳ್ಳಿ ಹೇರಿದರೆ ಹಿಂದಿನ ಆಕ್ಸಲ್‌ಗಳು 21 ದಾಟುತ್ತವೆ, ಮುಂದೆ ಹಗುರಾಗುತ್ತದೆ. ಒಟ್ಟು ತೂಕದಲ್ಲಿ ಪಾಸ್, ಆಕ್ಸಲ್‌ನಲ್ಲಿ ಫೇಲ್. ಚಕ್ಕಡಿಗೆ ಮೇವು ಹೇರುವಾಗ ಹಿರಿಯರು ನೊಗ ಎತ್ತಿ ನೋಡುತ್ತಿದ್ದರಲ್ಲ, ಎತ್ತಿನ ಹೆಗಲಿಗೆ ಭಾರ ಬೀಳಬಾರದು, ಹಿಂದೆ ಜಾಸ್ತಿಯಾಗಿ ನೊಗ ಮೇಲೂ ಏಳಬಾರದು ಅಂತ, ಇದೂ ಅದೇ ಲೆಕ್ಕ. ಮುಂದೆ ಹಗುರಾದ ಲಾರಿ ತಿರುವಿನಲ್ಲಿ ಸ್ಟೇರಿಂಗ್ ಮಾತು ಕೇಳುವುದಿಲ್ಲ, ಮಳೆಯಲ್ಲಂತೂ ಮುಂದಿನ ಟೈರು ಜಾರುತ್ತದೆ. ಮುಂದೆ ಜಾಸ್ತಿ ಭಾರ ಬಿದ್ದರೆ ಸ್ಟೇರಿಂಗ್ ಗಟ್ಟಿಯಾಗುತ್ತದೆ, ಮುಂದಿನ ಟೈರು ಬಿಸಿಯಾಗುತ್ತದೆ, ಪಾಟಾ (ಸ್ಪ್ರಿಂಗ್ ಪಟ್ಟಿ) ಕಟ್ ಆಗುತ್ತದೆ. ಓಡುವ ಲಾರಿಯ ಮುಂದಿನ ಟೈರು ಒಡೆದರೆ ಏನಾಗುತ್ತದೆ ಅಂತ ನಾನು ಹೇಳಬೇಕಿಲ್ಲ.

ಗೋವಿನಜೋಳದ ಚೀಲ ಒಂದೇ ಗಾತ್ರ, ಒಂದೇ ತೂಕ. ಕ್ಯಾಬಿನ್ ಗೋಡೆಯಿಂದ ಡಾಲಾದವರೆಗೆ (ಹಿಂದಿನ ಬಾಗಿಲಿನವರೆಗೆ) ಸಮವಾಗಿ ಹಾಸು ಹಾಕಿಸಿದರೆ ಹೆಚ್ಚು ತಲೆಬಿಸಿ ಇಲ್ಲ. ತೊಂದರೆ ಬರುವುದು ಜಾಗ ಕಮ್ಮಿ ತಿನ್ನುವ ಭಾರದ ಮಾಲಿನಲ್ಲಿ. ಕಬ್ಬಿಣದ ಸರಳು, ಕಲ್ಲು, ಸಿಮೆಂಟ್, ಎಂ-ಸ್ಯಾಂಡ್. 18 ಟನ್ ಸಿಮೆಂಟ್ ಬಾಡಿಯ ಅರ್ಧಕ್ಕೂ ಬರುವುದಿಲ್ಲ. ಆಗ ಇಳಿಸೋಕೆ ಸುಲಭ ಅಂತ ಹಿಂದೆಯೇ ಗುಡ್ಡೆ ಹಾಕುತ್ತಾರೆ. ಹಾಗೆ ಬಿಡಬೇಡಿ, ಎತ್ತರ ಕಮ್ಮಿ ಮಾಡಿ ಉದ್ದಕ್ಕೂ ಹರಡಿಸಿ. ಮರಳು, ಎಂ-ಸ್ಯಾಂಡ್ ಇನ್ನೊಂದು ಆಟ ಆಡುತ್ತವೆ. ಒಣಗಿದ್ದಾಗ ಎಷ್ಟು ಅಡಿ ತುಂಬುತ್ತಿದ್ದಿರೋ ಮಳೆಯಲ್ಲಿ ನೆಂದಾಗಲೂ ಅಷ್ಟೇ ಅಡಿ ತುಂಬಿದರೆ ನೀರಿನ ತೂಕ ಸೇರಿ ಮಿತಿ ದಾಟುತ್ತದೆ. ಹಸಿ ಗೋವಿನಜೋಳವನ್ನೂ ನಂಬುವ ಹಾಗಿಲ್ಲ. ಕೊಯ್ಲಾದ ಹೊಸದರಲ್ಲಿ ಸರಿಯಾಗಿ ಒಣಗಿಸದ ಕಾಳಿನ ಚೀಲಗಳ ತೂಕ ಒಂದೇ ಇರುವುದಿಲ್ಲ. ಚೀಲದ ಎಣಿಕೆ ನಂಬಿ ಹೊರಡಬೇಡಿ, ತೂಕದ ಚೀಟಿ ನೋಡಿ ಹೊರಡಿ.

ಬ್ಯಾಡಗಿ ಮೆಣಸಿನಕಾಯಿ ಲೋಡು ಇದಕ್ಕೆ ಪೂರ್ತಿ ಉಲ್ಟಾ. ಅದು ಹಗುರ. ತೂಕ ಮುಟ್ಟುವ ಮೊದಲೇ ಬಾಡಿ ತುಂಬುತ್ತದೆ. ಆಗ ಚೀಲದ ಮೇಲೆ ಚೀಲ ಏರಿಸುತ್ತಾ ಹೋಗುತ್ತಾರೆ, ಪಕ್ಕಕ್ಕೂ ಉಬ್ಬಿಸುತ್ತಾರೆ. ಹತ್ತಿ, ಹೊಟ್ಟು, ಮೇವಿನದೂ ಅಷ್ಟೇ. ತೂಕದ ಪ್ರಕಾರ ನೀವು ಸರಿ, ಅಳತೆ ಪ್ರಕಾರ ತಪ್ಪು. ಗಾಡಿಯ ಅಗಲ 2.6 ಮೀಟರ್ ದಾಟುವ ಹಾಗಿಲ್ಲ. ಮಾಲು ಬಾಡಿಯಿಂದ ಪಕ್ಕಕ್ಕೆ, ಮುಂದೆ, ಹಿಂದೆ ಚಾಚಿಕೊಂಡಿದ್ದರೆ ಅಥವಾ ಎತ್ತರ ಮೀರಿದ್ದರೆ ಮೋಟಾರು ವಾಹನ ಕಾಯ್ದೆಯ 194ನೇ ಕಲಂನಲ್ಲಿ ಅದಕ್ಕೇ ಬೇರೆ 20,000 ರೂಪಾಯಿ ದಂಡ ಇದೆ. ದಂಡ ಬಿಡಿ, ಎತ್ತರ ಹೇರಿದ ಗಾಡಿ ತಿರುವಿನಲ್ಲಿ ವಾಲುತ್ತದೆ. ಹಳ್ಳಿ ದಾರಿಯಲ್ಲಿ ಜೋತುಬಿದ್ದ ಕರೆಂಟ್ ತಂತಿ ಮೇಲಿನ ಚೀಲಕ್ಕೆ ತಾಗುತ್ತದೆ. ಕ್ಲೀನರ್‌ನನ್ನು ಲೋಡ್ ಮೇಲೆ ಹತ್ತಿಸಿ ಕೋಲಿನಿಂದ ತಂತಿ ಎತ್ತಿಸುವುದನ್ನು ನಮ್ಮ ಕಡೆ ಬಹಳ ನೋಡಿದ್ದೇನೆ. ನೀವು ಯಾವತ್ತೂ ಮಾಡಿಸಬೇಡಿ. ಆ ಹುಡುಗನ ಜೀವ ಹೋಗುತ್ತದೆ.

ತೂಗಿಸುವ ರೀತಿಯನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕಂದರೆ ಇದನ್ನು ಹೊಸಬರಿಗೆ ಯಾರೂ ಕಲಿಸುವುದಿಲ್ಲ. ವೇಬ್ರಿಜ್‌ಗೆ ಹತ್ತುವ ಮೊದಲು ತೂಗುವವರ ಕೋಣೆಯೊಳಗಿನ ಡಿಸ್ಪ್ಲೇ ಸೊನ್ನೆ ತೋರಿಸುತ್ತಿದೆಯಾ ನೋಡಿ. ಪ್ಲೇಟಿನ ಸಂದಿಯಲ್ಲಿ ಕಲ್ಲು, ಮಣ್ಣು ಸಿಕ್ಕಿಕೊಂಡಿದ್ದರೆ ತೂಕ ತಪ್ಪು ಬರುತ್ತದೆ. ನಿಧಾನಕ್ಕೆ ಹತ್ತಿಸಿ, ಎಂಜಿನ್ ಆಫ್ ಮಾಡಿ, ಜನ ಯಾರೂ ಪ್ಲೇಟಿನ ಮೇಲೆ ನಿಲ್ಲಬಾರದು. ಮೊದಲು ಮುಂದಿನ ಎರಡು ಗಾಲಿ ಮಾತ್ರ ಪ್ಲೇಟಿನ ಮೇಲೆ ಬರುವ ಹಾಗೆ ನಿಲ್ಲಿಸಿ ತೂಕ ನೋಡಿ. 6,700 ಬಂತು ಅನ್ನಿ. ಆಮೇಲೆ ಪೂರ್ತಿ ಗಾಡಿ ಹತ್ತಿಸಿ. 27,800. ಮೊದಲಿನದನ್ನು ಕಳೆದರೆ ಹಿಂದಿನ ಜೋಡಿಯ ಮೇಲೆ 21,100. ನೋಡಿ, ಒಟ್ಟು ತೂಕ 200 ಕೆಜಿ ಕಮ್ಮಿಯೇ ಇದೆ, ಆದರೂ ಹಿಂದಿನ ಆಕ್ಸಲ್ 100 ಕೆಜಿ ಜಾಸ್ತಿ. ಡಾಲಾ ಹತ್ತಿರದ ಒಂದೆರಡು ಸಾಲು ಚೀಲವನ್ನು ಮುಂದಕ್ಕೆ ಸರಿಸಿದರೆ ಸರಿ ಹೋಗುತ್ತದೆ. ಇದಕ್ಕೆ ಒಂದು ಷರತ್ತು, ಪ್ಲೇಟು ಮತ್ತು ಅದಕ್ಕೆ ಹತ್ತುವ ಜಾಗ ಒಂದೇ ಮಟ್ಟದಲ್ಲಿರಬೇಕು. ಇಳಿಜಾರಿದ್ದರೆ ಆಕ್ಸಲ್ ತೂಕ ಸರಿ ಬರುವುದಿಲ್ಲ. ಚೀಟಿಯಲ್ಲಿ ಗಾಡಿ ನಂಬರ್, ತಾರೀಖು, ಸಮಯ ಇದೆಯಾ ನೋಡಿಕೊಳ್ಳಿ. ಫೋನಿನಲ್ಲಿ ಫೋಟೋ ತೆಗೆದು ಸಾವಕಾರರಿಗೆ ಕಳಿಸಿ. ಇದಕ್ಕೆ ಐದು ನಿಮಿಷ ಹಿಡಿಯುತ್ತದೆ.

ಈಗ ದಂಡದ ಮಾತು. 2019ರ ಸೆಪ್ಟೆಂಬರ್ 1ರಿಂದ ಜಾರಿಗೆ ಬಂದ ತಿದ್ದುಪಡಿಯ ಪ್ರಕಾರ ಓವರ್‌ಲೋಡ್‌ಗೆ ಕಾಯ್ದೆಯಲ್ಲಿರುವ ದಂಡ 20,000 ರೂಪಾಯಿ. ಅದರ ಮೇಲೆ ಹೆಚ್ಚಾದ ಪ್ರತಿ ಟನ್‌ಗೆ 2,000. ಜಾಸ್ತಿ ಮಾಲು ಇಳಿಸುವ ಖರ್ಚೂ ನಿಮ್ಮದೇ. ಇಳಿಸುವವರೆಗೆ ಗಾಡಿ ಅಲ್ಲಿಂದ ಕದಲುವ ಹಾಗಿಲ್ಲ. ಸ್ಥಳದಲ್ಲೇ ರಾಜಿ ಮಾಡಿಕೊಂಡು ಕಟ್ಟುವ ದಂಡದ ದರವನ್ನು ರಾಜ್ಯ ಸರ್ಕಾರ ತನ್ನ ಆದೇಶದಲ್ಲಿ ನಿಗದಿ ಮಾಡುತ್ತದೆ, ಅದನ್ನು ನಿಮ್ಮ ಆರ್‌ಟಿಓ ಕಚೇರಿಯಲ್ಲಿ ಕೇಳಿಕೊಳ್ಳಿ. ‘28 ಟನ್ ಪಾಸಿಂಗ್’ ಅಂತ ನಂಬಿ ನೀವು 28 ಟನ್ ಕಾಳು ಹೇರಿದ್ದರೆ ಗಾಡಿ ಸೇರಿ 37.6 ಟನ್ ಆಗುತ್ತಿತ್ತು. ಹೆಚ್ಚಾದದ್ದು 9.6 ಟನ್. ಕಾಯ್ದೆಯ ಲೆಕ್ಕದಲ್ಲಿ ಸುಮಾರು 39,000 ರೂಪಾಯಿ. ಅದರ ಮೇಲೆ ರಾತ್ರಿ ಹೊತ್ತಿನಲ್ಲಿ ಇನ್ನೊಂದು ಲಾರಿ ಹುಡುಕಿ, ಹಮಾಲರನ್ನು ಕರೆಸಿ, ಸುಮಾರು ಎರಡು ನೂರು ಚೀಲ ಬದಲಿಸುವ ಕೆಲಸ. ಮಳೆ ಬಂದರೆ ಕಾಳು ನೆನೆಯುತ್ತದೆ. ಇಳಿಸಿದ ಮಾಲಿನ ಜವಾಬ್ದಾರಿಯೂ ನಿಮ್ಮ ಕಡೆಯದೇ, ನಿಲ್ಲಿಸಿದ ಅಧಿಕಾರಿಯದಲ್ಲ.

ಯಾರು ಕಟ್ಟಬೇಕು ಅಂತ ಕೇಳಿದ್ದೀರಿ. ಕಾಯ್ದೆ ಇಬ್ಬರನ್ನೂ ಹಿಡಿಯುತ್ತದೆ. ಗಾಡಿ ಓಡಿಸಿದವರು, ಓಡಿಸಲು ಹೇಳಿದವರು, ಓಡಿಸಲು ಬಿಟ್ಟವರು ಎಲ್ಲರೂ 194ನೇ ಕಲಂ ಒಳಗೆ ಬರುತ್ತಾರೆ. ಡ್ರೈವರ್ ಬೇರೆ, ಮಾಲೀಕ ಬೇರೆ ಆಗಿದ್ದರೆ ಮಾಲೀಕರಿಗೆ ಗೊತ್ತಿದ್ದೇ ಅಥವಾ ಅವರ ಮಾತಿನ ಮೇಲೆಯೇ ಇದು ಆಗಿದೆ ಅಂತ ಕೋರ್ಟು ಭಾವಿಸಬಹುದು ಅಂತ 113ನೇ ಕಲಂನಲ್ಲಿದೆ. ಅಷ್ಟರಮಟ್ಟಿಗೆ ಅದು ಡ್ರೈವರ್ ಪರವಾಗಿದೆ. ಆದರೆ ನಿಮಗೆ ಮಾತ್ರ ತಟ್ಟುವ ಒಂದು ವಿಷಯ ಇದೆ. ಸರಕು ಗಾಡಿಯಲ್ಲಿ ಓವರ್‌ಲೋಡ್ ಸಾಗಿಸುವುದು ಲೈಸೆನ್ಸ್ ಅಮಾನತು ಮಾಡಲು ಕಾರಣವಾಗುವ ತಪ್ಪುಗಳ ಪಟ್ಟಿಯಲ್ಲಿದೆ, ಕೇಂದ್ರ ಮೋಟಾರು ವಾಹನ ನಿಯಮಗಳ 21ನೇ ನಿಯಮ. ದಂಡದ ದುಡ್ಡನ್ನು ಸಾವಕಾರರು ಕೊಟ್ಟಾರು. ಅಮಾನತಾಗುವುದು ನಿಮ್ಮ ಲೈಸೆನ್ಸ್. ಅದು ಕಪಾಟಿನಲ್ಲಿ ಕೂತ ತಿಂಗಳುಗಳಲ್ಲಿ ಮನೆಗೆ ಸಂಬಳ ಯಾರು ತರುತ್ತಾರೆ? ಹಾಗಾಗಿ ಕೆಲಸಕ್ಕೆ ಸೇರುವ ದಿನವೇ, ಜಗಳದ ದನಿಯಲ್ಲಲ್ಲ, ಸಮಾಧಾನವಾಗಿ ಹೇಳಿಬಿಡಿ: ‘ಸಾವಕಾರ್ರೇ, ಆರ್‌ಸಿ ತೂಕದೊಳಗೆ ಎಷ್ಟು ಬೇಕಾದರೂ ಟ್ರಿಪ್ ಹೊಡೀತೀನಿ, ಅದಕ್ಕಿಂತ ಜಾಸ್ತಿ ಹೇರಿಸಬೇಡ್ರಿ.’ ಒಪ್ಪುವ ಮಾಲೀಕರು ಇದ್ದಾರೆ. ಟೈರು, ಪಾಟಾ, ಹೌಸಿಂಗ್ ಖರ್ಚು ತಮ್ಮ ಜೇಬಿನಿಂದ ಹೋಗುವುದು ಅವರಿಗೂ ಗೊತ್ತು. ಒಪ್ಪದವರ ಗಾಡಿ ಹತ್ತಬೇಡಿ. ಹೊಸಬನಿಗೆ ಈ ಮಾತು ಕಷ್ಟ ಅಂತ ಗೊತ್ತು. ಆದರೂ ಹೇಳುತ್ತಿದ್ದೇನೆ, ಯಾಕಂದರೆ ಮೊದಲನೇ ಲೋಡಿಗೆ ಹೂಂ ಅಂದವನಿಗೆ ಎರಡನೇ ಲೋಡಿಗೆ ಇಲ್ಲ ಅನ್ನೋಕೆ ಆಗುವುದಿಲ್ಲ.

ಅಧಿಕಾರಿ ಕೈ ಮಾಡಿದರೆ ನಿಲ್ಲಿಸಿ. ತೂಗಿಸು ಅಂದರೆ ತೂಗಿಸಿ. ಮುಂದಿನ ದಾರಿಯಲ್ಲಿ 10 ಕಿಲೋಮೀಟರ್ ಒಳಗೆ ಅಥವಾ ಮಾಲು ತಲುಪುವ ಊರಿನಿಂದ 20 ಕಿಲೋಮೀಟರ್ ಒಳಗೆ ಇರುವ ವೇಬ್ರಿಜ್‌ಗೆ ಗಾಡಿ ತರಲು ಹೇಳುವ ಅಧಿಕಾರ ಅವರಿಗಿದೆ. ನಿಲ್ಲಿಸದೆ ಹೋದರೆ, ತೂಗಿಸಲು ಒಪ್ಪದಿದ್ದರೆ ಕಾಯ್ದೆಯಲ್ಲಿ 40,000 ರೂಪಾಯಿ ದಂಡ. ಓವರ್‌ಲೋಡ್ ಇಲ್ಲದಿದ್ದರೂ ಸುಮ್ನೆ ಹೆದರಿ ಓಡಿಸಿಕೊಂಡು ಹೋದ ಹುಡುಗರು ಇದ್ದಾರೆ. ನಿಮ್ಮ ಹತ್ತಿರ ತೂಕದ ಚೀಟಿ ಇದ್ದರೆ ಹೆದರಿಕೆ ಯಾಕೆ?

ಇಷ್ಟೊಂದು ಕಟ್ಟುನಿಟ್ಟು ಯಾಕೆ ಅಂತ ನಿಮಗೆ ಅನ್ನಿಸಬಹುದು. ನಮ್ಮ ಭಾಗದವರಿಗೆ ಇದರ ಉತ್ತರ ಕಣ್ಣೆದುರೇ ಇತ್ತು. ಬಳ್ಳಾರಿ, ಸಂಡೂರಿನ ಅದಿರು ಹೊಸಪೇಟೆ, ಗದಗ, ಹುಬ್ಬಳ್ಳಿ ಮೇಲಿಂದ ಅಂಕೋಲಾ ಕಡೆಯ ಬಂದರುಗಳಿಗೆ ಹೋಗುತ್ತಿದ್ದ ವರ್ಷಗಳಲ್ಲಿ ಆ ರಸ್ತೆ ಏನಾಗಿತ್ತು ಅಂತ ಗದಗ, ಅಣ್ಣಿಗೇರಿಯ ಯಾರನ್ನಾದರೂ ಕೇಳಿ. ಮಿತಿ ಮೀರಿ ಹೇರಿದ ಅದಿರು ಲಾರಿಗಳ ವಿಷಯ 2011ರ ಲೋಕಾಯುಕ್ತ ವರದಿಯಲ್ಲೂ ಬಂತು. ರಸ್ತೆ ಎಂಜಿನಿಯರುಗಳು ಲೆಕ್ಕ ಹಾಕುವ ರೀತಿ ಹೀಗೆ: ಆಕ್ಸಲ್ ತೂಕ ಎಷ್ಟು ಪಟ್ಟು ಹೆಚ್ಚಾಯಿತೋ ಆ ಸಂಖ್ಯೆಯನ್ನು ನಾಲ್ಕು ಸಲ ಬರೆದು ಒಂದಕ್ಕೊಂದು ಗುಣಿಸಿದಷ್ಟು ಪಟ್ಟು ರಸ್ತೆಗೆ ಪೆಟ್ಟು. ಅಮೆರಿಕದಲ್ಲಿ 1958ರಿಂದ 1960ರವರೆಗೆ ಬೇರೆ ಬೇರೆ ತೂಕದ ಲಾರಿಗಳನ್ನು ಓಡಿಸಿ ನೋಡಿ ಕಂಡುಕೊಂಡ ಲೆಕ್ಕ ಇದು. ತೂಕ ಎರಡು ಪಟ್ಟಾದರೆ ಪೆಟ್ಟು ಎರಡು ಪಟ್ಟಲ್ಲ, 16 ಪಟ್ಟು. ನಿಮ್ಮ ಆ 37.6 ಟನ್ ಗಾಡಿಯ ಹಿಂದಿನ ಜೋಡಿ ಆಕ್ಸಲ್ ಮೇಲೆ 29 ಟನ್ ಬಿತ್ತು ಅನ್ನಿ. 21ರ ಜಾಗದಲ್ಲಿ 29. ಮಿತಿಯೊಳಗಿನ ಅದೇ ಗಾಡಿಗಿಂತ ಮೂರೂವರೆ ಪಟ್ಟು ಹೆಚ್ಚು ಹಾಳು. ಒಂದೇ ಟ್ರಿಪ್‌ನಲ್ಲಿ.

ಇನ್ನು ಬ್ರೇಕು. ಗಾಡಿಯ ಬ್ರೇಕನ್ನು ಕಂಪನಿಯವರು ಆರ್‌ಸಿಯ ಒಟ್ಟು ತೂಕಕ್ಕೆ ಹೊಂದುವ ಹಾಗೆ ಮಾಡಿರುತ್ತಾರೆ. ಅದಕ್ಕಿಂತ ಜಾಸ್ತಿ ಹೇರಿ ಸಪಾಟು ರಸ್ತೆಯಲ್ಲಿ ಹೇಗೋ ನಿಭಾಯಿಸಬಹುದು. ಹುಬ್ಬಳ್ಳಿಯಿಂದ ಕಲಘಟಗಿ, ಯಲ್ಲಾಪುರ ದಾಟಿ ಅಂಕೋಲಾ ಕಡೆ ಇಳಿಯುವಾಗ ಅರಬೈಲ್ ಘಾಟಿ ಬರುತ್ತದೆ. ಅಲ್ಲಿ ಮೇಲಿಂದ ಕೆಳಗಿನವರೆಗೆ ಬ್ರೇಕ್ ತುಳಿಯುತ್ತಾ ಇಳಿದರೆ ಡ್ರಮ್ ಕಾದು ಸುಟ್ಟ ವಾಸನೆ ಕ್ಯಾಬಿನ್ನಿಗೆ ಬರುತ್ತದೆ. ಆ ವಾಸನೆ ಬಂತು ಅಂದರೆ ಬ್ರೇಕು ಹಿಡಿತ ಬಿಡುತ್ತಿದೆ ಅಂತ ತಿಳಿಯಿರಿ. ಅಗಲ ಇರುವ ಜಾಗ ನೋಡಿ ನಿಲ್ಲಿಸಿ, ಗಾಲಿಗೆ ಕಲ್ಲು ಕೊಟ್ಟು, ಆರಲು ಬಿಡಿ. ಕಾದ ಡ್ರಮ್‌ಗೆ ನೀರು ಹೊಡೆಯಬೇಡಿ, ಬಿರುಕು ಬಿಡುತ್ತದೆ. ಘಾಟಿ ಶುರುವಾಗುವ ಮೊದಲೇ ಸಣ್ಣ ಗೇರಿಗೆ ಬಂದು ಎಂಜಿನ್ ಹಿಡಿತದಲ್ಲೇ ಇಳಿಯುವುದನ್ನು ಮೊದಲ ದಿನದಿಂದ ರೂಢಿ ಮಾಡಿಕೊಳ್ಳಿ. ನ್ಯೂಟ್ರಲ್‌ನಲ್ಲಿ ಇಳಿಸಿ ಡೀಸೆಲ್ ಉಳಿಸಿ ಅಂತ ಹೇಳಿಕೊಡುವವರ ಮಾತು ಕಿವಿಗೂ ಹಾಕಿಕೊಳ್ಳಬೇಡಿ.

ಇನ್ನು ಬೋರ್ಡುಗಳ ಪ್ರಶ್ನೆ. ಕೆಂಪು ಅಂಚಿನ ದುಂಡು ಬೋರ್ಡು ಅಂದರೆ ಸಲಹೆ ಅಲ್ಲ, ಕಡ್ಡಾಯ. ಅದರಲ್ಲಿ ಬರೀ ಟನ್ ಸಂಖ್ಯೆ ಇದ್ದರೆ ಗಾಡಿಯ ಒಟ್ಟು ತೂಕದ ಮಿತಿ, ಮಾಲಿನ ತೂಕವಲ್ಲ. ಸಂಖ್ಯೆಯ ಜೊತೆಗೆ ಗಾಲಿ-ಆಕ್ಸಲ್ ಚಿತ್ರ ಇದ್ದರೆ ಒಂದೊಂದು ಆಕ್ಸಲ್ ಮೇಲಿನ ಮಿತಿ. ಮೇಲೆ ಕೆಳಗೆ ತ್ರಿಕೋನ ಇದ್ದು ನಡುವೆ ಮೀಟರ್ ಸಂಖ್ಯೆ ಇದ್ದರೆ ಎತ್ತರ, ಎಡ ಬಲಕ್ಕೆ ತ್ರಿಕೋನ ಇದ್ದರೆ ಅಗಲ. ಲಾರಿ ಚಿತ್ರದ ಮೇಲೆ ಅಡ್ಡಗೆರೆ ಇದ್ದರೆ ಖಾಲಿ ಇದ್ದರೂ ಹೋಗುವ ಹಾಗಿಲ್ಲ. ಬಹಳ ಜನ ‘ಗಾಡಿ ಖಾಲಿ ಐತ್ರಿ’ ಅಂತ ವಾದ ಮಾಡುತ್ತಾರೆ, ಅದು ನಡೆಯುವುದಿಲ್ಲ. ಹತ್ತು ಟನ್ ಬೋರ್ಡಿರುವ ಹಳೇ ಸೇತುವೆ ಮೇಲೆ ನಿಮ್ಮ ಆರ್‌ಸಿಯ 28 ಟನ್‌ಗೆ ಬೆಲೆ ಇಲ್ಲ. ಆರ್‌ಸಿ ಹೇಳುವುದು ಗಾಡಿ ಎಷ್ಟು ಹೊರುತ್ತದೆ ಅಂತ, ಬೋರ್ಡು ಹೇಳುವುದು ಸೇತುವೆ ಎಷ್ಟು ಹೊರುತ್ತದೆ ಅಂತ. ಎರಡರಲ್ಲಿ ಯಾವುದು ಕಮ್ಮಿಯೋ ಅದೇ ನಿಮ್ಮ ಮಿತಿ. ಮುಂದಿನ ಲಾರಿ ದಾಟಿತು ಅಂತ ಹಿಂದೆ ಹೋಗಬೇಡಿ. ಆ ಗಾಡಿ ಖಾಲಿ ಇತ್ತೋ ಏನೋ.

ಕರೆಂಟ್ ಲೈನ್ ಆದ ರೈಲ್ವೆ ಗೇಟುಗಳಲ್ಲಿ ಎರಡೂ ಕಡೆ ಕಬ್ಬಿಣದ ಎತ್ತರದ ಕಮಾನು ನೋಡಿರುತ್ತೀರಿ. ಅದರ ಎತ್ತರ 4.67 ಮೀಟರ್. ಮೆಣಸಿನಕಾಯಿ, ಹತ್ತಿ ಲೋಡು ಅದಕ್ಕೆ ತಾಗುತ್ತದೆ ಅನ್ನಿಸಿದರೆ ನಿಲ್ಲಿಸಿ, ಮುಂದೆ ನುಗ್ಗಬೇಡಿ. ಅದರಾಚೆ ಇರುವುದು 25,000 ವೋಲ್ಟ್ ತಂತಿ.

ಬೋರ್ಡ್ ಇಲ್ಲದ ಕಡೆಯೂ ಮಿತಿ ಇರುತ್ತದೆ. ನವಲಗುಂದ, ಅಣ್ಣಿಗೇರಿ, ಗದಗ, ರೋಣ ಕಡೆ ಎಲ್ಲ ಎರೆ ಭೂಮಿ. ಬೇಸಿಗೆಯಲ್ಲಿ ಬಿರಿಯುತ್ತದೆ, ಮಳೆ ಬಿದ್ದರೆ ಉಬ್ಬಿ ಮೆತ್ತಗಾಗುತ್ತದೆ. ಮೇಲೆ ಡಾಂಬರು ಕಾಣುತ್ತದೆ ಅಂತ ಅಂಚಿನವರೆಗೂ ನಂಬಬೇಡಿ. ಹಳ್ಳಿಗೆ ಹೋಗುವ ಒಂಟಿ ರಸ್ತೆಯ ಅಗಲ ಸಾಮಾನ್ಯವಾಗಿ 3.75 ಮೀಟರ್. ನಿಮ್ಮ ಲಾರಿಯೇ 2.6 ಇರಬಹುದು. ಎದುರಿಂದ ಟ್ರ್ಯಾಕ್ಟರ್ ಬಂತು ಅಂದರೆ ಒಬ್ಬರು ಕೆಳಗಿಳಿಯಲೇಬೇಕು. ಮಳೆಗಾಲದಲ್ಲಿ ಲೋಡಾದ ಲಾರಿಯ ಎಡಗಾಲಿ ಎರೆಗೆ ಇಳಿದರೆ ನಿಮಿಷದಲ್ಲಿ ಗಾಡಿ ವಾಲುತ್ತದೆ. ಅಂಥಲ್ಲಿ ಲೋಡಾದ ಗಾಡಿ ನಿಂತಲ್ಲೇ ನಿಂತು, ಹಗುರ ಗಾಡಿಯವರಿಗೆ ಇಳಿಯಲು ಅಥವಾ ಹಿಂದೆ ಹೋಗಲು ಕೈ ಮುಗಿದು ಕೇಳಿಕೊಳ್ಳುವುದೇ ಸರಿ. ಇದರಲ್ಲಿ ಮರ್ಯಾದೆ ಪ್ರಶ್ನೆ ಏನಿಲ್ಲ. ಬೆಣ್ಣೆಹಳ್ಳ ಉಕ್ಕಿ ಹರಿದು ಇಳಿದ ಮೇಲೂ ಸಣ್ಣ ಸೇತುವೆಗಳ ಪಕ್ಕದ ಮಣ್ಣು ಕೊಚ್ಚಿ ಹೋಗಿರುತ್ತದೆ. ಇಳಿದು, ನಡೆದು ನೋಡಿ, ಆಮೇಲೆ ದಾಟಿಸಿ.

ಫೋನಿನ ಮ್ಯಾಪ್ ದಾರಿ ತೋರಿಸುವುದು ಕಾರಿಗೆ. ಅದಕ್ಕೆ ನಿಮ್ಮ ತೂಕವೂ ಗೊತ್ತಿಲ್ಲ, ಎತ್ತರವೂ ಗೊತ್ತಿಲ್ಲ. ಹತ್ತು ನಿಮಿಷ ಉಳಿಯುತ್ತದೆ ಅಂತ ಊರೊಳಗೆ ತಿರುಗಿಸಿದರೆ ಸಂತೆ ಬೀದಿಯಲ್ಲಿ ಸಿಕ್ಕಿಹಾಕಿಕೊಳ್ಳುತ್ತೀರಿ. ಹೊಸ ಊರಿಗೆ ಲೋಡು ಇದ್ದರೆ ಆ ಕಡೆ ಹೋಗಿ ಬಂದ ಡ್ರೈವರನ್ನು ಕೇಳಿ. ಮಾಲು ಇಳಿಸಿಕೊಳ್ಳುವವರಿಗೆ ಫೋನ್ ಮಾಡಿ, ‘ಹತ್ತು ಗಾಲಿ ಬರುತ್ತಾ? ಯಾವ ಕಡೆಯಿಂದ ಬರಬೇಕು?’ ಅಂತ ಕೇಳಿ.

ಹುಬ್ಬಳ್ಳಿ–ಧಾರವಾಡ ಊರೊಳಗಿನ ಮಾತು ಚಿಕ್ಕದು. ನಿಮ್ಮ ಮಾಲು ಊರೊಳಗೆ ಇಳಿಯುವುದಿಲ್ಲ ಅಂದರೆ ಒಳಗೆ ಬರುವ ಕೆಲಸವೇ ಇಲ್ಲ. ಹಾವೇರಿ ಕಡೆಯಿಂದ ಬಂದು ಬೆಳಗಾವಿ ಕಡೆ ಹೋಗುವವರು ಗಬ್ಬೂರಿನಿಂದ ನರೇಂದ್ರದವರೆಗಿನ ಬೈಪಾಸ್ ಹಿಡಿಯಿರಿ. ರಸ್ತೆ ಕೆಲಸ ನಡೆದಿರುವ ಕಡೆ ಡೈವರ್ಶನ್ ಬೋರ್ಡ್ ನೋಡಿಕೊಂಡು ನಿಧಾನ ಹೋಗಿ. ಅಮರಗೋಳದ ಎಪಿಎಂಸಿಗೆ ಬರುವವರು ಭಾರಿ ವಾಹನಗಳ ಸಮಯದ ಬಗ್ಗೆ ಮೊದಲೇ ವಿಚಾರಿಸಿ. ಪೊಲೀಸ್ ಕಮಿಷನರ್ ಆದೇಶ ಕಾಲಕಾಲಕ್ಕೆ ಬದಲಾಗುತ್ತದೆ, ಕಾಮಗಾರಿ ನಡೆದಾಗಲಂತೂ ದಾರಿಯೇ ಬದಲಾಗುತ್ತದೆ. ಬಿಆರ್‌ಟಿಎಸ್ ಪಥ, ಅಂದರೆ ಬಸ್ಸಿಗೇ ಮೀಸಲಾದ ದಾರಿ, ಚಿಗರಿ ಬಸ್ಸಿಗೆ. ರಾತ್ರಿ ಖಾಲಿ ಕಂಡರೂ ಅದರೊಳಗೆ ಇಳಿಯಬೇಡಿ. ವೇಗದ ಬಗ್ಗೆ, ಸರಕು ಗಾಡಿಗೆ ಕೇಂದ್ರ ಇಟ್ಟಿರುವ ಗರಿಷ್ಠ ಮಿತಿ ನಾಲ್ಕು ಪಥದ ಹೆದ್ದಾರಿಯಲ್ಲಿ ಗಂಟೆಗೆ 80 ಕಿಲೋಮೀಟರ್, ಬೇರೆ ರಸ್ತೆಯಲ್ಲಿ 60. ಬೋರ್ಡು ಅದಕ್ಕಿಂತ ಕಮ್ಮಿ ಹೇಳಿದರೆ ಬೋರ್ಡಿನದೇ ಮಾತು.

ಕೊನೆಗೆ ಮಳೆಗಾಲದ ಘಾಟಿ. ಇದನ್ನು ನೀವು ಕೇಳಿಲ್ಲ, ಆದರೆ ಹಾವೇರಿ ಗಾಡಿಗೆ ಕರಾವಳಿ ಲೋಡು ಸಿಕ್ಕೇ ಸಿಗುತ್ತದೆ. ರಸ್ತೆ ಅಥವಾ ಸೇತುವೆಯ ಸ್ಥಿತಿ ನೋಡಿ ಯಾವುದೇ ಬಗೆಯ ವಾಹನವನ್ನು ನಿಷೇಧಿಸುವ ಅಧಿಕಾರ ಕಾಯ್ದೆಯ 115ನೇ ಕಲಂನಲ್ಲಿದೆ. ನಿಷೇಧ ಒಂದು ತಿಂಗಳೊಳಗಿನದಾದರೆ ಗೆಜೆಟ್‌ನಲ್ಲಿ ಪ್ರಕಟಿಸಬೇಕಾಗಿಯೂ ಇಲ್ಲ, ಸ್ಥಳೀಯವಾಗಿ ತಿಳಿಸಿದರೆ ಸಾಕು. ಅದಕ್ಕೇ ಜೂನ್, ಜುಲೈನಲ್ಲಿ ಡಿಸಿ ಆದೇಶ ಒಂದೇ ದಿನದಲ್ಲಿ ಬರುತ್ತದೆ. ಹಾವೇರಿಯಿಂದ ಶಿರಸಿ ಮೇಲೆ ಕುಮಟಾಕ್ಕೆ ಇಳಿಯುವ ದೇವಿಮನೆ ಘಾಟಿಯಲ್ಲಿ, ಗೋವಾ ಕಡೆಯ ಅನಮೋಡ, ಚೋರ್ಲಾ ಘಾಟಿಗಳಲ್ಲಿ ಭಾರಿ ವಾಹನ ತಡೆಯುವುದು ಹೊಸದಲ್ಲ. 2024ರ ಜುಲೈನಲ್ಲಿ ಅಂಕೋಲಾ ಹತ್ತಿರದ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿಯೇ ಮುಚ್ಚಿಹೋಗಿದ್ದು ನೆನಪಿದೆಯಲ್ವಾ? ಆ ಕುಸಿತದಲ್ಲಿ ಲಾರಿಯವರೂ ಪ್ರಾಣ ಕಳೆದುಕೊಂಡರು. ಲೋಡು ಒಪ್ಪಿಕೊಳ್ಳುವ ಮೊದಲೇ ಉತ್ತರ ಕನ್ನಡ ಜಿಲ್ಲೆಯ ಸುದ್ದಿ ನೋಡಿ. ಶಿರಸಿಯಲ್ಲೋ ಯಲ್ಲಾಪುರದಲ್ಲೋ ಇರುವ ಒಬ್ಬ ಡ್ರೈವರ್ ಅಥವಾ ಡಾಬಾದವರ ಫೋನ್ ನಂಬರ್ ಇಟ್ಟುಕೊಂಡು ಕೇಳಿ. ಘಾಟಿ ಬಂದ್ ಇದ್ದರೆ ಸುತ್ತು ದಾರಿಗೆ ಎಷ್ಟು ಡೀಸೆಲ್ ಹಿಡಿಯುತ್ತದೆ, ಅದಕ್ಕೆ ಬಾಡಿಗೆ ಎಷ್ಟು ಜಾಸ್ತಿ ಬೇಕು ಅನ್ನುವುದನ್ನು ಸಾವಕಾರರು ಬ್ರೋಕರ್ ಹತ್ತಿರ ಮೊದಲೇ ಮಾತಾಡಿಕೊಳ್ಳಲಿ. ಆ ಮಾತು ಮುಗಿದ ಮೇಲೆ ಹಮಾಲರನ್ನು ಕರೆಯಿರಿ.